ಮೂವತ್ಮೂರು ಡಬ್ಬದ್ದು, ಎಂಟು ನಿಂದು

ಬೆಳಗ್ಗೆ ಐದೂವರೆ. ಒಗೆದ ಬಟ್ಟೆ ಹರವುವವರು ಇನ್ನೂ ತಾರಸಿಗೆ ಹತ್ತಿ ಬಂದಿಲ್ಲ. ಫ್ಯಾನಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮುಚ್ಚಳ ತೆಗೆದ ಕಂಪ್ಯೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬ್ಲೋವರ್ ಹಿಡಿದಿದ್ದಾರೆ. ಒಳಗಿನ ಫ್ಯಾನಿನ ರೆಕ್ಕೆ ತಿರುಗದಂತೆ ಎಡಗೈಯ ಒಂದು ಬೆರಳು ಅಡ್ಡ ಇಟ್ಟಿದ್ದಾರೆ. ಹಾಗೆ ತಡೆಯದಿದ್ದರೆ ಗಾಳಿಯ ರಭಸಕ್ಕೆ ಹುಚ್ಚೆದ್ದು ತಿರುಗಿ ಹಾಳಾಗುತ್ತದಂತೆ. ಎಂಟು ವರ್ಷದ ಧೂಳು ಬೂದುಬಣ್ಣದ ಉಂಡೆಗಳಾಗಿ ನೆಲಕ್ಕೆ ಉದುರುತ್ತದೆ. ಒಂದು ಉಂಡೆಯನ್ನು ಎತ್ತಿ ಎರಡು ಬೆರಳ ನಡುವೆ ಹೊಸಕುತ್ತಾರೆ.

"ನಿಮ್ಮನೆ ಕೆಳಗೆ ಬೇಕರಿ ಇದೆಯೇನಮ್ಮ?"

ಆ ಕಂಪ್ಯೂಟರ್ ಡಬ್ಬ ತಂದ ಹೆಣ್ಣುಮಗಳು ಬೆರಗಾಗುತ್ತಾಳೆ. "ಇದೆ. ನಿಮಗೆ ಯಾರು ಹೇಳಿದ್ರು?"

"ಇದರಲ್ಲಿ ಮೈದಾ ಇದೆ. ಬರೀ ಧೂಳಾಗಿದ್ರೆ ಉದುರುತ್ತೆ. ಇದು ಅಂಟ್ಕೊಂಡಿದೆ."

ಡಬ್ಬ ಅವಳದ್ದಲ್ಲ, ಪಕ್ಕದಲ್ಲಿ ನಿಂತಿರುವ ತಮ್ಮನದ್ದು. ಅವನಿಗೆ ಇಪ್ಪತ್ತೆರಡು ವರ್ಷ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಸಂಜೆ ಐದು ಜನರ ತಂಡದಲ್ಲಿ, ಎದುರಾಳಿಯನ್ನು ಹುಡುಕಿ ಹೊಡೆಯುವ ಆಟ ಆಡುತ್ತಾನೆ. ಮುಖ ಕಾಣದ ಆ ನಾಲ್ವರು ಬಿಟ್ಟರೆ ಅವನಿಗೆ ಗೆಳೆಯರಿಲ್ಲ. ಎರಡು ತಿಂಗಳಿಂದ ಆಟದ ಮಧ್ಯೆ ಪರದೆ ನಿಂತು ನಿಂತು ಓಡುತ್ತದೆ, ಅವನು ತಡವರಿಸುತ್ತಾನೆ, ತಂಡ ಸೋಲುತ್ತದೆ. ನಾಯಕ ಹೇಳಿಬಿಟ್ಟಿದ್ದಾನೆ: ಶನಿವಾರ ಪರೀಕ್ಷೆ, ಮತ್ತೆ ಹೀಗಾದರೆ ಬೇರೆಯವರನ್ನು ತಗೋತೀವಿ. ಇವತ್ತು ಮಂಗಳವಾರ. ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಬಿಡಿಸಿ ಕೊಡುವ ಭಾಗ, ಹೊಸದು ಹಾಕಿಸು ಅಂತ ಎಲ್ಲರೂ ಹೇಳಿದ್ದಾರೆ. ಹುಡುಗ ಕೇಳುವುದೇ ಬೇರೆ. ಮೊಬೈಲಿನಲ್ಲಿ ಬರೆದು ಫ್ಯಾನಕ್ಕನ ಮುಂದೆ ಹಿಡಿಯುತ್ತಾನೆ: "ತಪ್ಪು ನಂದಾ, ಡಬ್ಬದ್ದಾ?"

ಫ್ಯಾನಕ್ಕನಿಗೆ ಐವತ್ಮೂರು. ಓದಿದ್ದು ಏಳನೇ ಕ್ಲಾಸು. ಇವತ್ತಿನವರೆಗೆ ಒಂದು ಆಟವನ್ನೂ ಆಡಿದವರಲ್ಲ. ಕಂಪ್ಯೂಟರಿನ ಕೆಲಸ ಕಲಿತದ್ದು ಪೊರಕೆ ಹಿಡಿದು. ಹನ್ನೆರಡು ಮಷಿನ್ ಇದ್ದ ಗೇಮಿಂಗ್ ಪಾರ್ಲರಿನಲ್ಲಿ ಕಸ ಗುಡಿಸುತ್ತಿದ್ದರು. ಆ ಕಥೆಯನ್ನು, ಅವರ ಬಗ್ಗೆ ಬರೆಯಲು ಬಂದ ನನಗೆ ಕೆಲಸದ ನಡುವೆ ಹೇಳುತ್ತಾರೆ.

"ಹನ್ನೆರಡೂ ಒಂದೇ ದಿನ ಬಂದದ್ದು, ಒಳಗಿರೋ ಪಾರ್ಟೂ ಒಂದೇ. ಆದ್ರೂ ಏಳನೇ ನಂಬರಿಗೆ ಹುಡುಗ್ರು ಕಾಲರ್ ಹಿಡ್ಕೊಂಡು ಜಗಳಾಡೋರು. ಅದೃಷ್ಟದ ಮಷಿನ್ ಅಂತ ಮೆಕ್ಯಾನಿಕ್ಕೇ ಹೇಳ್ತಿದ್ದ. ನಾನು ಗುಡಿಸುವಾಗ ಒಂದೊಂದನ್ನೂ ಮುಟ್ಟಿ ನೋಡ್ದೆ. ಏಳನೇದು ತಣ್ಣಗಿತ್ತು, ಮೇಲೆ ಏಸಿ. ಒಂದು ಬೆಳಗ್ಗೆ ಯಾರೂ ಬರೋ ಮೊದಲು ಏಳನೇದನ್ನ ಎತ್ತಿ ಎರಡನೇದರ ಜಾಗಕ್ಕೆ, ಎರಡನೇದನ್ನ ಏಸಿ ಕೆಳಗೆ ಇಟ್ಟೆ. ಮೂರು ದಿನ ಆಗಿರಲಿಲ್ಲ, ಎಲ್ಲರೂ ಏಸಿ ಕೆಳಗಿದ್ದ ಎರಡನೇ ನಂಬರಿಗೆ ಜಗಳ ಶುರು ಮಾಡಿದ್ರು."

ಎಂಜಿನಿಯರಿಂಗ್ ಓದಿದವರು ಮಾಡಬೇಕಾದ ಪ್ರಯೋಗವನ್ನು ಒಬ್ಬ ಕಸಗುಡಿಸುವ ಹೆಂಗಸು, ಯಾರ ಅಪ್ಪಣೆಯೂ ಇಲ್ಲದೆ, ಅಷ್ಟು ಕರಾರುವಾಕ್ಕಾಗಿ ಮಾಡಿ ಮುಗಿಸಿದ್ದರು. ಅಂದಿನಿಂದ ಯಾವ ಮಷಿನ್ ಬಂದರೂ ಮೊದಲು ಫ್ಯಾನ್ ನೋಡುತ್ತಾರೆ. ಹೆಸರು ಬಂದದ್ದು ಹಾಗೆ.

ಪಾರ್ಲರ್ ಮುಚ್ಚಿ ಹದಿನಾಲ್ಕು ವರ್ಷ. ಈಗ ಮೆಟ್ಟಿಲ ಕೆಳಗಿನ ಎಂಟಡಿ ಉದ್ದ, ಆರಡಿ ಅಗಲದ ಕೋಣೆಯೇ ಅಂಗಡಿ. ಒಳಗೆ ನೆಟ್ಟಗೆ ನಿಂತರೆ ಹಣೆಗೆ ಮೆಟ್ಟಿಲು ಬಡಿಯುತ್ತದೆ. ಬಲಗೈಯ ಎರಡು ಬೆರಳ ತುದಿ ಬೆಸುಗೆಯ ಬಿಸಿಗೆ ಸುಟ್ಟು ಸ್ಪರ್ಶ ಕಳೆದುಕೊಂಡಿವೆ. ಶುರುವಿನ ವರ್ಷಗಳಲ್ಲಿ ಬಂದವರೆಲ್ಲ ಬಾಗಿಲಲ್ಲೇ ನಿಂತು "ಮೆಕ್ಯಾನಿಕ್ ಇಲ್ವಾ ಅಮ್ಮ?" ಅನ್ನುತ್ತಿದ್ದರು. "ಬರ್ತಾನೆ, ಕೂತ್ಕೊ ಅಂತಿದ್ದೆ. ಅವನು ಬರೋಷ್ಟರಲ್ಲಿ ರಿಪೇರಿ ಮುಗಿದಿರ್ತಿತ್ತು."

ದಿನಕ್ಕೆ ಮೂರು ಡಬ್ಬ, ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಹತ್ತರಲ್ಲಿ ನಾಲ್ಕು ಧೂಳು ತೆಗೆದ ಕೂಡಲೇ ಸರಿಹೋಗಿ ತಾರಸಿಯಿಂದಲೇ ಮನೆಗೆ ವಾಪಸ್. ಕಾರ್ಡ್ ಬೇಕು ಅಂತ ಬರುವ ಐವರಲ್ಲಿ ಒಬ್ಬನಿಗೆ ನಿಜವಾಗಿ ಕಾರ್ಡ್ ಬೇಕಿರುತ್ತದೆ. ಕಳೆದ ತಿಂಗಳು ಒಬ್ಬಾತ ದುಬಾರಿ ಕಾರ್ಡ್ ಹಾಕಿಸಿ, ಪರದೆಯ ತಂತಿಯನ್ನು ಮಾತ್ರ ಹಳೆಯ ತೂತಿಗೇ ಸಿಕ್ಕಿಸಿ ಎರಡು ತಿಂಗಳು ಆಡಿದ್ದ; ಕಾರ್ಡ್ ಒಂದು ದಿನವೂ ಕೆಲಸ ಮಾಡಿರಲಿಲ್ಲ. "ಕಾರ್ಡ್ ಬಂದ್ಮೇಲೆ ಬಹಳ ಚೆನ್ನಾಗಿದೆ ಅಕ್ಕ, ಇನ್ನೊಂಚೂರು ಸ್ಪೀಡ್ ಬೇಕಿತ್ತು ಅಂದ. ತಂತಿ ಕಿತ್ತು ಕಾರ್ಡಿಗೆ ಹಾಕ್ದೆ. ಪಾಪ, ಕಾರ್ಡಿನ ಬಿಲ್ ತೆಗೆದು ಇನ್ನೊಂದ್ಸಲ ಓದ್ದ."

ಅವರ ಪದ್ಧತಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಧೂಳು ತೆಗೆದ ಮೇಲೆ ಡಬ್ಬದ ಮಾಲೀಕನನ್ನು ಕೂರಿಸಿ ಒಂದು ಗಂಟೆ ಆಡಿಸುತ್ತಾರೆ. ತಾವು ಪರದೆ ನೋಡುವುದಿಲ್ಲ, ಮನುಷ್ಯನನ್ನು ನೋಡುತ್ತಾರೆ. ಅವನು ತಡವರಿಸಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀಟು, ಪಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡು. ಅಷ್ಟೂ ಹೊತ್ತು ಕಂಪ್ಯೂಟರ್ ತನ್ನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ಬರೆದುಕೊಳ್ಳುತ್ತಿರುತ್ತದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ.

ತಡವರಿಸುವಾಗ ಬಹಳ ಜನರ ಭುಜ ಎಗರುತ್ತದೆ. ಈ ಹುಡುಗನ ಭುಜ ಅಲ್ಲಾಡುವುದೇ ಇಲ್ಲ. ಹತ್ತು ನಿಮಿಷ ನೋಡಿ ಫ್ಯಾನಕ್ಕ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂರುತ್ತಾರೆ. ಅವನು ತಡವರಿಸಿದಾಗ ಬಲಗಾಲಿನ ಹೆಬ್ಬೆರಳು ಮಡಚುತ್ತದೆ.

ಗಂಟೆ ಮುಗಿದಾಗ ನಲವತ್ತೊಂದು ಗೀಟು. ಮೂವತ್ಮೂರರಲ್ಲಿ ಪ್ರೊಸೆಸರ್, ಅಂದರೆ ಎಲ್ಲ ಲೆಕ್ಕ ಮಾಡುವ ಮುಖ್ಯ ಭಾಗ, ಉಸಿರುಗಟ್ಟಿ ನಿಂತಿದೆ. ಉಳಿದ ಎಂಟರಲ್ಲಿ ಮಷಿನ್ ಸರಾಗವಾಗಿ ಓಡಿದೆ.

"ಮೂವತ್ಮೂರು ಡಬ್ಬದ್ದು, ಎಂಟು ನಿಂದು. ಕಾರ್ಡಿಗೆ ಏನೂ ಆಗಿಲ್ಲ. ಪ್ರೊಸೆಸರ್ ಕೆಲಸ ಕೊಡೋವರೆಗೂ ಅದು ಬಾಗಿಲಲ್ಲಿ ಕೂತು ಬೀಡಿ ಸೇದ್ತಿದೆ."

ಹುಡುಗನ ಅಕ್ಕ ಸನ್ನೆ ಮಾಡಲು ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸುತ್ತಾಳೆ. "ಆ ಎಂಟನ್ನ ಹೇಳ್ಲೇಬೇಕಾ?"

"ಹೇಳಮ್ಮ. ಅವನು ಕೇಳಿದ್ದು ಅದನ್ನೇ."

ಅವಳು ಕೈಸನ್ನೆಯಲ್ಲಿ ಹೇಳುತ್ತಾಳೆ. ಹುಡುಗ ನೋಟ್‌ಬುಕ್ ಎಳೆದುಕೊಂಡು ಆ ಎಂಟು ಗೀಟುಗಳ ಸಮಯವನ್ನು ಮೊಬೈಲಿಗೆ ಬರೆದುಕೊಳ್ಳುತ್ತಾನೆ. ಮುಖ ಸಿಂಡರಿಸಿದೆ, ಕೈ ಮಾತ್ರ ನಿಲ್ಲುವುದಿಲ್ಲ.

ಬುಧವಾರ ಫ್ಯಾನಕ್ಕ ತಪ್ಪು ಮಾಡುತ್ತಾರೆ. ಹಳೆಯ ಮಷಿನ್ ಬಂದರೆ ಎಲ್ಲರಿಗೂ ಮಾಡುವಂತೆ ಆಟದೊಳಗಿನ ನೆರಳುಗಳನ್ನು ಆಫ್ ಮಾಡುತ್ತಾರೆ. ನೆರಳು ಬಿಡಿಸುವ ಹೊರೆ ಇಳಿದರೆ ಪ್ರೊಸೆಸರ್ ಹಗುರಾಗುತ್ತದೆ. ಮಷಿನ್ ಒಮ್ಮೆಯೂ ನಿಲ್ಲುವುದಿಲ್ಲ. ಪಾರ್ಟ್ ಕೊಳ್ಳುವ ಕೆಲಸವೇ ಇಲ್ಲ ಅಂತ ಕಳಿಸಿಬಿಡುತ್ತಾರೆ. ಗುರುವಾರ ಬೆಳಗ್ಗೆ ಹುಡುಗ ಒಬ್ಬನೇ ಡಬ್ಬ ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ. ಹಿಂದಿನ ಸಂಜೆ ಒಂದು ಸುತ್ತನ್ನೂ ಗೆದ್ದಿಲ್ಲ. ಮೊಬೈಲಿನಲ್ಲಿ ಬರೆದು ತೋರಿಸುತ್ತಾನೆ: "ಉಳಿದೋರು ಹೆಜ್ಜೆ ಸದ್ದು ಕೇಳಿ ತಿರುಗ್ತಾರೆ. ನಾನು ಮೂಲೆಯಲ್ಲಿ ನೆರಳು ನೋಡಿ ತಿರುಗ್ತೀನಿ. ನೀವು ಅದನ್ನೇ ತೆಗೆದ್ರಿ."

ಆ ತಪ್ಪನ್ನು ನನಗೆ ಹೇಳುವಾಗ ಫ್ಯಾನಕ್ಕ ನೆಪ ಹುಡುಕುವುದಿಲ್ಲ. "ಹದಿನಾಲ್ಕು ವರ್ಷ ಆಡೋರನ್ನ ನೋಡಿದೀನಿ. ಇವನು ಹೇಗೆ ಆಡ್ತಾನೆ ಅಂತ ಕೇಳ್ಬೇಕು ಅನಿಸಲಿಲ್ಲ ನೋಡಿ. ಡಬ್ಬ ಸರಿ ಮಾಡಿ ಹುಡುಗನ್ನ ಕೆಡಿಸಿದ್ದೆ."

ನೆರಳು ಇರಲೇಬೇಕು ಅಂದಮೇಲೆ ಪ್ರೊಸೆಸರ್ ಬದಲಾಗಲೇಬೇಕು. ಎಂಟು ವರ್ಷದ ಬೋರ್ಡಿನಲ್ಲಿ, ಅಂದರೆ ಎಲ್ಲ ಭಾಗ ಕೂರುವ ತಳದ ಹಲಗೆಯಲ್ಲಿ, ಇವತ್ತಿನ ಪ್ರೊಸೆಸರ್ ಕೂರುವುದಿಲ್ಲ. ಹೊಸದು ಹಾಕಿದರೆ ಬೋರ್ಡ್ ಬದಲಿಸಬೇಕು, ಬೋರ್ಡ್ ಬದಲಿಸಿದರೆ ಮೆಮೊರಿ. "ಕೊನೆಗೆ ಹಳೇದು ಅಂತ ಉಳಿಯೋದು ತಗಡು ಮಾತ್ರ." ಬೇಕಾದದ್ದು ಅದೇ ಕಾಲದ, ಅದೇ ಜಾಗದಲ್ಲಿ ಕೂರುವ, ಆದರೆ ಆಗಿನ ಸಾಲಿನಲ್ಲೇ ಶಕ್ತಿಯಲ್ಲಿ ದೊಡ್ಡದಾದ ಪ್ರೊಸೆಸರ್. ಮೆಟ್ಟಿಲ ಕೆಳಗೆ, ಮುಚ್ಚಿಹೋದ ಕಚೇರಿಯೊಂದರ ಏಳು ಡಬ್ಬಗಳಿವೆ. ಆರನೆಯದರಲ್ಲಿ ಸಿಗುತ್ತದೆ. "ಇಷ್ಟು ವರ್ಷ ಇದರ ಕೈಲಿ ಕಾಗದ ಟೈಪ್ ಮಾಡಿಸಿದಾರೆ. ರೇಸ್ ಕುದುರೆ ಕಟ್ಟಿ ತರಕಾರಿ ಗಾಡಿ ಎಳೆಸಿದ ಹಾಗೆ."

ಪ್ರೊಸೆಸರ್ ಕೂರಿಸುವುದನ್ನು ನೋಡಲು ಹುಡುಗ, ನಾನು ಇಬ್ಬರೂ ಬಗ್ಗುತ್ತೇವೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲದ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಮುಳ್ಳುಗಳು, ಕೂದಲಿನಷ್ಟು ಸಣ್ಣವು. ಒಂದು ಬಾಗಿದರೂ ಬೋರ್ಡ್ ಮುಗಿಯಿತು. ಸ್ಪರ್ಶವಿಲ್ಲದ ಬೆರಳುಗಳನ್ನು ಮಡಚಿಕೊಂಡು ಉಳಿದವುಗಳಲ್ಲೇ ಹಿಡಿಯುತ್ತಾರೆ. ಒತ್ತುವುದಿಲ್ಲ, ಸುಮ್ಮನೆ ಬಿಡುತ್ತಾರೆ. ಅದು ತಾನಾಗಿ ಕೂರುತ್ತದೆ. ಆ ಕ್ಷಣದಲ್ಲಿ ಹುಡುಗನ ಹೆಬ್ಬೆರಳೂ ಮಡಚಿದೆ, ನನ್ನದೂ.

ನೆರಳು ಆನ್ ಮಾಡಿ ಮತ್ತೆ ಒಂದು ಗಂಟೆ ಆಟ. ಡಬ್ಬದ ಪಾಲಿಗೆ ಮೂರು ಗೀಟು. ಫ್ಯಾನಕ್ಕನಿಗೆ ಸಮಾಧಾನವಿಲ್ಲ. ಮೆಮೊರಿ ಒಂದೇ ಪಟ್ಟಿ ಇದೆ, ಅದರ ಜೊತೆಗೆ ಇನ್ನೊಂದು ಸಿಕ್ಕಿಸಿ ಮತ್ತೆ ಆಡಿಸುತ್ತಾರೆ. ಈ ಸಲ ಡಬ್ಬದ ಪಾಲಿಗೆ ಒಂದೂ ಇಲ್ಲ.

ಗಿರಾಕಿಯ ಮನೆಗೆ ಹೋಗುವ ರೂಢಿ ಅವರಿಗಿಲ್ಲ. ಶನಿವಾರ ಹೋಗುತ್ತಾರೆ. ಬೇಕರಿಯ ಮೇಲಿನ ಕೋಣೆ, ಕಿಟಕಿಯಿಂದ ಬ್ರೆಡ್ಡಿನ ವಾಸನೆ. ಹುಡುಗ ಪರದೆಯ ಮುಂದೆ, ಫ್ಯಾನಕ್ಕ ನೋಟ್‌ಬುಕ್ ಹಿಡಿದು ಅವನ ಕಾಲ ಬಳಿ, ಅಕ್ಕ ಬಾಗಿಲಿಗೆ ಒರಗಿ. ಒಂಬತ್ತು ಸುತ್ತಿನ ಪರೀಕ್ಷೆ ಒಂದೂವರೆ ಗಂಟೆ ನಡೆಯುತ್ತದೆ. ಮುಗಿದು ಹತ್ತು ನಿಮಿಷಕ್ಕೆ ನಾಯಕನ ಉತ್ತರ ಬರುತ್ತದೆ: ತಂಡದಲ್ಲಿರು, ಮುಂದಿನ ಪಂದ್ಯ ಆಡು, ಆಮೇಲೆ ನೋಡೋಣ.

ಅಕ್ಕ ಕಣ್ಣೊರೆಸಿಕೊಳ್ಳುತ್ತಾಳೆ. ತಮ್ಮ ನೋಟ್‌ಬುಕ್ಕಿಗೆ ಕೈ ಚಾಚುತ್ತಾನೆ. ಆರು ಗೀಟು. ಅಷ್ಟನ್ನೂ ತಾಳೆ ನೋಡಿದ ಫ್ಯಾನಕ್ಕ ಅವನ ಅಕ್ಕನಿಗೆ ಹೇಳುತ್ತಾರೆ: "ಆರೂ ಇವನವೇ. ಇದಕ್ಕೆ ನನ್ನ ಹತ್ರ ಪಾರ್ಟ್ ಇಲ್ಲ ಅಂತ ಹೇಳಮ್ಮ."

ಅವಳ ಕೈ ನೋಡಿ ಹುಡುಗ ಮೊದಲ ಸಲ ನಗುತ್ತಾನೆ. ಮೊಬೈಲಿನಲ್ಲಿ ಬರೆದು ಫ್ಯಾನಕ್ಕನ ಮುಂದೆ ಹಿಡಿಯುತ್ತಾನೆ.

"ಬೇಡ. ಅವನ್ನ ನಾನೇ ನೋಡ್ಕೋತೀನಿ."