ಜ್ವರ ಒಯ್ದ ಕೂದಲು

ನಮ್ಮ ಮನೆಯಲ್ಲಿ ಈಗ ಎಣ್ಣೆಯ ಅಂಗಡಿಯನ್ನೇ ತೆರೆಯಬಹುದು.

ಇಚಲಕರಂಜಿಯಿಂದ ನನ್ನ ತಮ್ಮ ಗರುಗದ ಸೊಪ್ಪಿನ ಎಣ್ಣೆ ಕಳಿಸಿದ. ಗಡಹಿಂಗ್ಲಜದಿಂದ ಮಾವನವರು ದಾಸವಾಳ ಹಾಕಿ ಕಾಯಿಸಿದ್ದು ಕಳಿಸಿದರು. ನಾನು ಸುಮ್ಮನಿರಲಾದೀತೇ? ಕೊಲ್ಲಾಪುರದ ಪೇಟೆಗೆ ಹೋಗಿ ಒಂದು ಬಾಟಲಿ ತಂದೆ. ಅದರ ಲೇಬಲ್ಲಿನ ಮೇಲೆ ಮೊಣಕಾಲುದ್ದ ಕೂದಲಿನ ಹೆಂಗಸೊಬ್ಬಳು ನಗುತ್ತ ನಿಂತಿದ್ದಳು. ನನ್ನ ಹೆಂಡತಿ ಶಾರದೆ ಬಾಟಲಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. (ಗಂಡಸರನ್ನು ಪೇಟೆಗೆ ಕಳಿಸಿದರೆ ಹೀಗೇ.)

ದೀಪಾವಳಿಯ ಮುಂದೆ ಅವಳಿಗೆ ಟೈಫಾಯ್ಡ್ ಆಗಿತ್ತು. ದೇವರ ದಯೆ, ಜೀವ ಉಳಿಯಿತು. ಆದರೆ ಜ್ವರ ಬರಿಗೈಯಲ್ಲಿ ಹೋಗಲಿಲ್ಲ. ಮೊದಲು ದಿಂಬಿನ ಮೇಲೆ, ಆಮೇಲೆ ಬಾಚಣಿಗೆಯಲ್ಲಿ, ಕೊನೆಗೆ ಊಟದ ತಾಟಿನಲ್ಲೂ ಕೂದಲೇ. ಸಂಕ್ರಾಂತಿಯ ಹೊತ್ತಿಗೆ ತಲೆ ಪೂರ್ತಿ ಬರಿದಾಯಿತು. ಡಾಕ್ಟರು "ಯೇತೀಲ, ಯೇತೀಲ" ಎಂದು ಮರಾಠಿಯಲ್ಲಿ ಭರವಸೆ ಕೊಟ್ಟು ಹೋದರು. ಬರುತ್ತವೆ, ಸರಿ. ಯಾವಾಗ?

ಗಡಹಿಂಗ್ಲಜದಲ್ಲಿ ಅವಳ ತಂಗಿಯ ಮದುವೆ ಗೊತ್ತಾಗಿತ್ತು. ಶಾರದೆ ಹೋಗುವುದಿಲ್ಲವೆಂದು ಹಟ ಹಿಡಿದು ಕುಳಿತಳು.

ಅವಳ ತಲೆಗೆ ಎಣ್ಣೆ ತಿಕ್ಕುವ ಕೆಲಸ ನನ್ನ ತಂದೆಯ ಅಕ್ಕನದು. ನಾವೆಲ್ಲ ಅವಳಿಗೆ ಅತ್ಯಾ ಎನ್ನುತ್ತೇವೆ. ಹದಿನಾರು ತುಂಬುವುದರೊಳಗೆ ಗಂಡ ತೀರಿಕೊಂಡ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಅಂದಿನಿಂದ ಇದೇ ಮನೆ. ಸ್ನಾನ ಮಾಡಿ ಮಡಿಯುಟ್ಟ ಮೇಲೆ ಯಾರನ್ನೂ ಮುಟ್ಟುವಂತಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಶಾರದೆಯ ತಲೆ ಹಿಡಿಯುತ್ತಿದ್ದಳು.

ಹಾಗೆ ಒಂದು ಬೆಳಿಗ್ಗೆ ಅತ್ಯಾ ಎಣ್ಣೆ ತಿಕ್ಕುತ್ತಿರುವಾಗ ನಾನು ಮತ್ತೆ ಮದುವೆಯ ಮಾತು ತೆಗೆದೆ. ಶಾರದೆ ಸಿಡುಕಿದಳು.

"ಈ ಬೋಳ ತಲಿ ಹೊತಗೊಂಡು ಶುಭಕಾರ್ಯಕ್ಕ ಹ್ಯಾಂಗ ಹೋಗ್ಲಿರಿ? ನೋಡಿದವರು ಏನಂತಾರ?"

ಮಾತು ಆಡಿದ ಮೇಲೆ, ಅದನ್ನು ಯಾರ ಮುಂದೆ ಆಡಿದೆನೆಂದು ಅವಳಿಗೆ ಹೊಳೆಯಿತು. ನಾನು ಗಡಿಯಾರ ನೋಡತೊಡಗಿದೆ. (ಅದು ನಿಂತು ವರ್ಷವಾಗಿದೆ.)

ಅತ್ಯಾನ ಕೈ ಮಾತ್ರ ನಿಲ್ಲಲಿಲ್ಲ.

"ಬರತಾವ ತೊಗೊ, ಹುಚ್ಚಿ. ನನ್ನವು ನೋಡು, ತಿಂಗಳಾ ತೆಗಸ್ತೇನಿ. ಬ್ಯಾಡಂದ್ರೂ ಮತ್ತ ಬರತಾವ." ಸೆರಗು ಸರಿಸಿ, ಶಾರದೆಯ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಚುಚ್ಚತಾವಲ್ಲ? ಹಾಂಗ ನಿನ್ನವೂ ಬರತಾವ."

ಸಮಾಧಾನಕ್ಕೆ ಹೇಳಿದ ಮಾತು. ಶಾರದೆ ಬಿಕ್ಕಿ ಬಿಕ್ಕಿ ಅತ್ತಳು, ಈ ಸಲ ತನ್ನ ಕೂದಲಿಗಾಗಿ ಅಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟು ಬಂದರೂ ಬರಲಿ. ಜ್ವರ ಒಯ್ದ ಕೂದಲಿಗೆ ಮೂರು ಊರಿನ ಎಣ್ಣೆ ಬಂತು. ನಾವೇ ಕ್ಷೌರಿಕನನ್ನು ಕರೆಸಿ ತೆಗೆಸಿದ ಕೂದಲಿಗೆ ಯಾರಾದರೂ ಒಂದು ಹನಿ ತಂದದ್ದುಂಟೇ? ನಮ್ಮ ಮನೆಯಲ್ಲಿ ಇಲ್ಲ. ನಿಮ್ಮ ಮನೆಯಲ್ಲಿ?

ಆ ವಾರವೇ ವಾಡಿಕೆಯಂತೆ ಕ್ಷೌರಿಕ ಹಿತ್ತಲಿಗೆ ಬಂದ. ಅತ್ಯಾ ಎಂದಿನಂತೆ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕುಳಿತಳು. ಮಡಿ ಹೆಂಗಸಿಗೆ ಕನ್ನಡಿ ಇಲ್ಲ. ತೆಗೆದ ಕೂದಲನ್ನೂ ಅವಳು ತಿರುಗಿ ನೋಡಿದವಳಲ್ಲ. ಶಾರದೆ ನಡುವೆ ಬಂದು ನಿಂತಳು.

"ಇವತ್ತ ಬ್ಯಾಡ. ಇನ್ನ ಮ್ಯಾಲೂ ಬ್ಯಾಡ."

ಅತ್ಯಾ ಗಾಬರಿಯಾದಳು. "ಏ ಹುಡುಗಿ, ತಲಿ ತೆಗಸದಿದ್ರ ಮಠದಾಗ ನನಗ ತೀರ್ಥ ಕೊಡೂದಿಲ್ಲ. ನನ್ನ ಕೈಯಾಗಿಂದು ಯಾರು ಉಣ್ತಾರ?"

"ನಾವು ಉಣ್ತೇವ್ರಿ. ಇಬ್ಬರೂ ಕೂಡೇ ಬೆಳಸೂಣು ಅತ್ಯಾ. ಯಾರವು ಮದಲ ಉದ್ದ ಆಗತಾವ ನೋಡೂಣು."

ಅತ್ಯಾ ನನ್ನ ಮುಖ ನೋಡಿದಳು. ಮನೆಯ ಗಂಡಸಿನ ಅಪ್ಪಣೆ ಬೇಕಲ್ಲ! ನನ್ನನ್ನು ಎತ್ತಿ ಆಡಿಸಿದವಳು, ತನ್ನ ತಲೆಗೆ ನನ್ನ ಅಪ್ಪಣೆ ಕಾಯುತ್ತಿದ್ದಾಳೆ. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು.

"ತಲಿ ನಿಂದು, ಅತ್ಯಾ. ನೀ ಹ್ಯಾಂಗ ಅಂತೀ ಹಾಂಗ," ಎಂದೆ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಕ್ಷೌರಿಕನ ಕಡೆ ತಿರುಗಿ, "ಚಹಾ ಕುಡದು ಹೋಗಪಾ," ಎಂದಳು.

ಶಾರದೆ ಸೆರಗು ಹೊದ್ದು ತಂಗಿಯ ಮದುವೆಗೆ ಹೋಗಿ ಬಂದಳು. ಜನ ನೋಡಿದರು, ಅಂದರು, ಊಟಕ್ಕೆ ಎಲೆ ಬಿದ್ದ ಮೇಲೆ ಮರೆತರು. ನಮ್ಮ ಅತ್ಯಾನಿಗೆ ಮಠದ ತೀರ್ಥ ಮಾತ್ರ ನಿಂತಿದೆ. ಅದಕ್ಕೆ ಅವಳು ನೊಂದಿದ್ದಾಳೆ, ನನಗೆ ಗೊತ್ತು. ಆದರೂ ಕ್ಷೌರಿಕನನ್ನು ಮತ್ತೆ ಕರೆ ಎನ್ನಲಿಲ್ಲ.

ಮೊನ್ನೆ ಭಾನುವಾರ ಹಿತ್ತಲಿನ ಬಿಸಿಲಲ್ಲಿ ಶಾರದೆ ಅತ್ಯಾನನ್ನು ಕೂಡಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಅತ್ಯಾ ಕಣ್ಣು ಮುಚ್ಚಿದ್ದಳು.

"ನನ್ನ ಕೂದಲಾ ಭಾಳ ಕರ್ರಗ ಇದ್ದೂ, ಶಾರದಾ. ಹಾಂಗ ಬಂದಾವೇನ?"

ಶಾರದೆಯ ಕೈ ನಿಂತಿತು. "ಬೆಳ್ಳಗ ಅದಾವ್ರಿ, ಅತ್ಯಾ."

ಅತ್ಯಾ ಕಣ್ಣು ತೆರೆದಳು.

"ಹೌದೇನ? ಯಾವಾಗ ಆದೂ?"