ಅಕ್ಕನ ಕಾಮಣಿ, ನನ್ನ ಎಂ.ಎಸ್ಸಿ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಪಿತ್ತನಾಳದ ಚಿತ್ರ ಬರೆಸುತ್ತಿದ್ದವನು ನಾನು. ಹಸಿರು ಚಾಕ್‌ಪೀಸಿನಲ್ಲಿ ನಾಳ ಎಳೆಯುವುದರಲ್ಲಿ ನನ್ನ ಸಮ ಯಾರೂ ಇಲ್ಲವೆಂದು ತಿಳಿದಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನ ಕಣ್ಣುಗಳು ಹಳದಿಯಾದವು. ನಾನು ಅವಳನ್ನು ಸ್ಕೂಟರಿನ ಮೇಲೆ ಕರೆದೊಯ್ದದ್ದು ಆಸ್ಪತ್ರೆಗಲ್ಲ, ಸುಳ್ಳ ಎಂಬ ಊರಿನ ಆಚೆ ಕಾಮಣಿಗೆ, ಅಂದರೆ ಕಾಮಾಲೆಗೆ, ಸೊಪ್ಪಿನ ರಸ ಕೊಡುವ ಅಜ್ಜನ ಹತ್ತಿರ. ನಮ್ಮ ಮನೆಯಲ್ಲಿ ಯಾರ ಮೈ ಹಳದಿಯಾದರೂ ಹೋಗುತ್ತಿದ್ದುದು ಅಲ್ಲಿಗೇ.

ಮೂರು ರವಿವಾರ ಬರಿಹೊಟ್ಟೆಯಲ್ಲಿ ರಸ ಕುಡಿಯಬೇಕು. ಕುಡಿದ ಮೇಲೆ ಊರ ಸೀಮೆ ದಾಟುವವರೆಗೆ ಮಾತಾಡಕೂಡದು. ಅಕ್ಕ ಹಿಂದೆ ಕೂತು ಕೈ ಕೆರೆದುಕೊಳ್ಳುತ್ತಿದ್ದಳು. ಸೀಮೆ ದಾಟಿದ್ದೇ ತಡ, "ತಮ್ಮಾ, ಮೈಯೆಲ್ಲಾ ತುರಸಾಕತ್ತೈತೋ" ಎಂದಳು.

"ವಿಷ ಹೊರಗ ಬರಾಕತ್ತೈತಿ. ಔಷಧ ಹತ್ತೇತಿ ಅಂತ ಅರ್ಥ" ಎಂದೆ.

"ನೀ ಕಲತಾಂವ, ನೀ ಅಂದ್ರ ಖರೇನ ಇರಬೇಕು."

ಮೂರನೆಯ ರವಿವಾರ ಕಳೆದಾಗ ಅವಳ ಕೈಯಲ್ಲಿ ಕೆರೆದ ಗಾಯಗಳಿದ್ದವು, ಮೈ ಅರಿಶಿನವಾಗಿತ್ತು. ಆಮೇಲೆ ಡಾಕ್ಟರ ಬಳಿ ಹೋದೆವು. ಅವರು ಮಲದ ಬಣ್ಣ ಕೇಳಿದರು.

"ತಮ್ಮನ ಮುಂದ ಹೆಂಗ ಹೇಳ್ಲಿರಿ?"

ನನ್ನನ್ನು ಪರದೆಯ ಹೊರಗೆ ನಿಲ್ಲಿಸಿದರು. "ಸುಣ್ಣದಂಗ ಐತ್ರಿ, ತಿಂಗಳಾತು" ಎಂಬ ಮಾತು ಕೇಳಿಸಿತು. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬೆಳ್ಳಗಾಗುತ್ತದೆ. ನಾನೇ ಪರೀಕ್ಷೆಗೆ ಕೊಡುತ್ತಿದ್ದ ಎರಡು ಅಂಕದ ಪ್ರಶ್ನೆ ಅದು.

ಸ್ಕ್ಯಾನ್‌ನಲ್ಲಿ ನಾಳ ಕಟ್ಟಿಕೊಂಡಿತ್ತು, ಕಲ್ಲು ಮಾತ್ರ ಇರಲಿಲ್ಲ. ಬಾಯಿಯಿಂದ ನಳಿಕೆ ಇಳಿಸಿ ಪರೀಕ್ಷೆಗೆಂದು ನಾಳದ ಚೂರು ತೆಗೆದರು. ವರದಿಯನ್ನು ನಾನೇ ಓದಿದೆ: ಕ್ಯಾನ್ಸರ್ ಜೀವಕೋಶಗಳು ಕಂಡುಬಂದಿಲ್ಲ. ಕೂಡಲೇ ವಾರ್ಡಿನಲ್ಲೆಲ್ಲ ಫೇಡೆ ಹಂಚಿಬಿಟ್ಟೆ, ಡಾಕ್ಟರಿಗೂ ಒಂದು ಕೊಟ್ಟೆ.

ಅವರು ಅದನ್ನು ತಿನ್ನದೆ ಮೇಜಿನ ಮೇಲಿಟ್ಟರು. "ಸರ್, ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ರಿ. ಈ ನಾಳದಾಗಿನ ಕ್ಯಾನ್ಸರ್ ಗಂಟು ಅಪರೂಪದ್ದು, ಇಕ್ಕಟ್ಟಿನ್ಯಾಗ ಅಡಗಿ ಕುಂತಿರತೈತಿ. ಮತ್ತೊಮ್ಮೆ ತಗೀಬೇಕು."

ಎರಡನೆಯ ಸಲ ಸಿಕ್ಕಿತು. ಬೆಳಿಗ್ಗೆ ಆಪರೇಷನ್ನಿಗೆ ಒಳಗೆ ಹೋದ ಅಕ್ಕ ಸಂಜೆಗೆ ಹೊರಬಂದಳು. ನಾನು ಸರ್ಜನ್ನರ ಹಿಂದೆಯೇ ನಡೆದು, ಆ ಮೂರು ವಾರ ನಾನು ಕೆಡಿಸದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಅದನ್ನ ಯಾರ ಹೇಳ್ಬೇಕ್ರಿ? ಕಂಡದ್ದಷ್ಟೂ ತಗದೇನಿ" ಎಂದರು.

ಅಕ್ಕ ಇದ್ದಾಳೆ. ತಪಾಸಣೆಗೆ ಈಗಲೂ ನಾನೇ ಕರೆದೊಯ್ಯುತ್ತೇನೆ. ವರದಿಯ ಲಕೋಟೆಯನ್ನು ಮಾತ್ರ ಅವಳು ಸೆರಗಿನೊಳಗೆ ಇಟ್ಟುಕೊಂಡು, ಡಾಕ್ಟರು ಬರುವವರೆಗೆ ನನಗೆ ಕೊಡುವುದಿಲ್ಲ.