ಇವರ ಕರೆಗೊಂದು ಬಟನ್

ನಮ್ಮ ಮನೆಯವರಿಗೆ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋದ ಮೇಲೆ ನಾನು ಸ್ನಾನಕ್ಕೆ ಹೋಗಲೂ ಹೆದರುವಂತಾಯಿತು. ಕೈಯದು ಹೇಗೋ ನಡೆಯುತ್ತದೆ. ಅನ್ನ ಕಲಸಿ ಕೊಡಬಹುದು, ಅಂಗಿಯ ಗುಂಡಿ ಹಾಕಬಹುದು. ಆದರೆ ಕೂಗಲಾರದ ಮನುಷ್ಯನನ್ನು ಒಂದು ಕೋಣೆಯಲ್ಲಿ ಬಿಟ್ಟು ಇನ್ನೊಂದಕ್ಕೆ ಹೇಗೆ ಹೋಗುವುದು? ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡಿದ್ದೆ. ಇವರಿಗೆ ಏನೋ ಬೇಕಾಗಿದೆ, ಕರೆಯಲಾಗದೆ ತಾವೇ ಎದ್ದಿದ್ದಾರೆ. ನಾನು ಚಟ್ನಿ ರುಬ್ಬಿ, ಜಾರ್ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರೆ ಮಂಚದ ಪಕ್ಕ ನೆಲದ ಮೇಲಿದ್ದರು. ಫ್ಯಾನ್ ನೋಡುತ್ತಾ ಮಲಗಿದ್ದರು. ಆ ಕಣ್ಣಿನಲ್ಲಿ ನನ್ನ ಮೇಲೆ ಸಿಟ್ಟು ಕೂಡ ಇರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಇವರ ಗಂಟಲು ಹೆಸರುವಾಸಿ. ಲಾರಿಯ ಹಿಂದೆ ನಿಂತು ಕೂಗಿದರೆ ಹೈವೇ ಆಚೆಯ ಹೋಟೆಲಿನವನು ಟೀ ಕಳಿಸುತ್ತಿದ್ದ. ಈಗ ಅದೇ ಬಾಯಲ್ಲಿ ಬರುವುದು ‘ತ್ತ... ತ್ತ’ ಅನ್ನುವ ಒಂದೇ ಸದ್ದು. ಕಿವಿ ಕೇಳುತ್ತದೆ, ಎಲ್ಲ ಅರ್ಥವಾಗುತ್ತದೆ, ಓದುತ್ತಾರೆ ಕೂಡ. ಮಾತು ಮಾತ್ರ ಹೊರಗೆ ಬರುವುದಿಲ್ಲ. ಚಿತ್ರದುರ್ಗದ ಸ್ಪೀಚ್ ಥೆರಪಿಸ್ಟ್, “ಬಟನ್ ಒತ್ತಿದರೆ ಟ್ಯಾಬೇ ಮಾತಾಡೋ ಆ್ಯಪ್‌ಗಳಿವೆ ಆಂಟಿ, ಟ್ರೈ ಮಾಡಿ ನೋಡಿ,” ಅಂದಳು. ಮಾಡಿದೆ. ಊಟದ ಪುಟ ತೆರೆದರೆ ಸ್ಯಾಂಡ್‌ವಿಚ್, ಪಾಸ್ತಾ. ಮುದ್ದೆ ಇಲ್ಲ. ಇವರು ಆ ಪಾಸ್ತಾವನ್ನು ಬಹಳ ಹೊತ್ತು ನೋಡಿ ಟ್ಯಾಬನ್ನು ಎಡಗೈಯಿಂದ ದೂರ ತಳ್ಳಿದರು.

ಸರಿ, ನಾನೇ ಮಾಡೋಣ ಅಂದುಕೊಂಡೆ. ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳು, ಹೈಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರ್ ಆಗಿದ್ದವಳು, ಕೊನೆಯ ವರ್ಷಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕ್ಲಾಸನ್ನೂ ತೆಗೆದುಕೊಂಡವಳು. ಕೋಡ್ ಬರೆಯುವ ಎಐ ಅಸಿಸ್ಟೆಂಟ್ ಒಂದು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ನಮ್ಮ ಹಳೆಯ ಸ್ಕೂಲಿನವರು ಟೈಮ್‌ಟೇಬಲ್ ಮಾಡಿಕೊಡಿ ಅಂತ ಗಂಟುಬಿದ್ದಾಗ ಅದರ ಕೈಲಿ ಮಾಡಿಸಿದ್ದೆ. ಏನು ಬೇಕು ಅಂತ ಮಾತಿನಲ್ಲಿ ಬರೆದರೆ ಅದು ಪ್ರೋಗ್ರಾಂ ಬರೆದುಕೊಡುತ್ತದೆ. ಆದರೆ ಟೈಮ್‌ಟೇಬಲ್ ಬೇರೆ, ಮನುಷ್ಯ ಬೇರೆ ಅಂತ ಆಗ ಹೊಳೆದಿರಲಿಲ್ಲ.

ಇವರನ್ನು ನೋಡಿಕೊಳ್ಳಲು ಮತ್ತೋಡಿನಿಂದ ನಾದಿನಿ ಬಂದು ನಮ್ಮಲ್ಲೇ ಇದ್ದಳು. ಇವರ ಬೆನ್ನಿಗೆ ಬಿದ್ದ ತಂಗಿ. ಅಣ್ಣನಿಗೇ ಸರಿಯಾದ ಬಾಯಿ. ನಾನು ಮೊದಲ ದಿನ ಅಸಿಸ್ಟೆಂಟಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಬರೆದು ಕೇಳಿದೆ: ಸ್ಟ್ರೋಕ್ ಆದವರಿಗೆ ಕನ್ನಡದಲ್ಲಿ ಮಾತಾಡುವ ಆ್ಯಪ್ ಮಾಡು. ಕಾಫಿ ಕುಡಿದು ಬರುವಷ್ಟರಲ್ಲಿ ಮಾಡಿಟ್ಟಿತ್ತು. ತೆರೆ ತುಂಬ ಬಟನ್‌ಗಳು, ಬಣ್ಣ ಬಣ್ಣ. ನೀರಿನದು ಒತ್ತಿದೆ. ವಾರ್ತೆ ಓದುವ ಹೆಂಗಸಿನ ದನಿಯಲ್ಲಿ, “ನನಗೆ ಬಾಯಾರಿಕೆಯಾಗಿದೆ. ದಯವಿಟ್ಟು ನೀರನ್ನು ಕೊಡಿ,” ಅಂತು.

ನಾದಿನಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಅತ್ತಿಗೆ, ನಮ್ಮಣ್ಣ ದಯವಿಟ್ಟು ಅಂದ್ರೆ ನಾನು ಮೊದ್ಲು ಡಾಕ್ಟ್ರಿಗೆ ಫೋನ್ ಮಾಡ್ತೀನಿ.”

ಅವಳ ಮಾತು ನಿಜ. ಆ ಹೆಂಗಸಿನ ದನಿ ತೆಗೆದು, ನಾದಿನಿಯ ಕೈಲೇ ಒಂದೊಂದು ಮಾತನ್ನೂ ರೆಕಾರ್ಡ್ ಮಾಡಿಸಿ ಹಾಕುವುದು ಅಂತಾಯಿತು. “ನೀರು ತಗಂಬಾ.” “ಫ್ಯಾನ್ ಆರ್ಸು.” “ಬಚ್ಚಲಿಗೆ.” “ಸಾಕು.” ಬಟನ್‌ಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟಕ್ಕೆ ಇಳಿಸಿದೆ. ಇವರು ಒತ್ತತೊಡಗಿದರು.

ಆದರೆ ಎಡಗೈ ಬೆರಳು ನಡುಗುತ್ತದಲ್ಲ, ಒಂದು ಸಲ ಮುಟ್ಟಿದರೆ ಟ್ಯಾಬ್ ಮೂರು ಸಲ ಅನ್ನುತ್ತಿತ್ತು. ನೀರು ತಗಂಬಾ, ನೀರು ತಗಂಬಾ, ನೀರು ತಗಂಬಾ. ನಾನು ಜಾಣೆಯಂತೆ, ಇದನ್ನು ಸ್ಲೋ ಮಾಡು ಅಂತ ಅಸಿಸ್ಟೆಂಟಿಗೆ ಬರೆದೆ. ಮಾಡಿತು. ಮಾತನ್ನೇ ಸ್ಲೋ ಮಾಡಿತು. “ನೀ...ರು... ತಗಂ...” ಅಂತ ನಾದಿನಿಯ ದನಿ ಬಾವಿಯೊಳಗಿನಿಂದ ಎಳೆದ ಹಾಗೆ ಬಂತು.

“ಯಾಕತ್ತಿಗೆ,” ಅಂದಳು ಅವಳು, “ಇದಕ್ಕೂ ಲಕ್ವ ಹೊಡೀತಾ?”

ಇವರ ಹೆಗಲು ಕುಲುಕಿತು. ಸದ್ದಿಲ್ಲದ ನಗು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನೋಡಿದ್ದು. ಖುಷಿಪಡುವುದಕ್ಕೂ ನನಗೆ ಶಕ್ತಿ ಇರಲಿಲ್ಲ, ನಿಜ ಹೇಳಬೇಕೆಂದರೆ. ಗೋಡೆಗೆ ಒರಗಿ ಕುಳಿತೆ.

ಅಲ್ಲಿ ಒಂದು ವಿಷಯ ಕಲಿತೆ. ಔಷಧಿ ಯಾವುದು ಅಂತ ನಾನು ಹೇಳಹೋಗಬಾರದು, ಕಂಡದ್ದನ್ನು ಹೇಳಬೇಕು. ‘ಅವರ ಬೆರಳು ನಡುಗುತ್ತದೆ, ಒಮ್ಮೆ ಮುಟ್ಟಿದರೆ ಮಾತು ಹಲವು ಸಲ ಬರುತ್ತದೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದ ತಕ್ಷಣ ಅದಕ್ಕೆ ತಿಳಿಯಿತು, ಸರಿಮಾಡಿತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇದನ್ನೇ ಬೋಧಿಸಿದವಳು ನಾನು: ಗಿವನ್ ಏನು ಅಂತ ಮೊದಲು ಬರೆಯಿರಿ, ಆನ್ಸರ್‌ಗೆ ಹಾರಬೇಡಿ.

ಇನ್ನೊಂದು ವಿಷಯ ಕಲಿತದ್ದು ಸುಸ್ತಿನಿಂದ. ಬೆರಳಿನ ತೊಂದರೆ ಸರಿಮಾಡುವಾಗ ಅದು ತಾನಾಗಿ ಬಟನ್‌ಗಳನ್ನೂ ಅಚ್ಚುಕಟ್ಟಾಗಿ ಬೇರೆ ಕ್ರಮದಲ್ಲಿ ಜೋಡಿಸಿತ್ತು. ಜೋಡಿಸಿದ್ದೇನೆ ಅಂತ ಬರೆದೂ ಇತ್ತು. ನಾನು ಓದಲಿಲ್ಲ. ಪರೀಕ್ಷೆ ಮುಗಿದ ಸಂಜೆ ಕಣ್ಣು ಮುಚ್ಚಿಕೊಂಡು ಟಿಕ್ ಹಾಕುವ ಟೀಚರ್‌ಗಳಿರುತ್ತಾರಲ್ಲ, ಹಾಗೆ ಓಕೆ ಅಂದುಬಿಟ್ಟೆ. ಪಾಪ, ಇವರು ಜಾಗ ನೆನಪಿಟ್ಟುಕೊಂಡು ಒತ್ತುತ್ತಿದ್ದವರು. ಬಚ್ಚಲಿಗೆ ಹೋಗಬೇಕು ಅಂತ ಒತ್ತಿದರೆ “ಸಾಕು” ಅಂತು. ನಾನು ತಟ್ಟೆ ಎತ್ತಿಕೊಂಡು ಹೋದೆ. ಆಮೇಲೆ ಹಾಸಿಗೆ ಬದಲಾಯಿಸುವಾಗ ಇವರು ನನ್ನ ಮುಖ ನೋಡಲಿಲ್ಲ, ಗೋಡೆಯ ಕಡೆ ತಿರುಗಿಕೊಂಡರು.

ಅಂದು ಮಧ್ಯಾಹ್ನ ಅಸಿಸ್ಟೆಂಟಿಗೆ ಹೆಡ್‌ಮಿಸ್ಟ್ರೆಸ್ ಹಾಗೆ ಬರೆದೆ. ಕೇಳದೇ ಇದ್ದದ್ದನ್ನು ಮುಟ್ಟಬೇಡ. ಮಾಡುವ ಮುಂಚೆ ಏನು ಮಾಡುತ್ತೀ ಅಂತ ಹೇಳು. ಗೊತ್ತಿಲ್ಲದ್ದನ್ನು ಊಹಿಸಬೇಡ, ನನ್ನನ್ನು ಕೇಳು. ನೀವು ಹೇಳಿದ್ದು ಪೂರ್ತಿ ಸರಿ ಅಂತು. ಅದು ಎಲ್ಲದಕ್ಕೂ ಹಾಗೇ ಅನ್ನುತ್ತದೆ. ಈ ಮನೆಯಲ್ಲಿ ನನಗೆ ಹಾಗೆ ಅಂದವರು ಯಾರೂ ಇರಲಿಲ್ಲವಾದ್ದರಿಂದ ಮೊದಲ ವಾರ ಹಿತವಾಗಿತ್ತು, ಆಮೇಲೆ ಬೇಸರ ಬಂತು. ಆದರೆ ಅಂದಿನಿಂದ ಹೇಳಿದ ಹಾಗೆ ಕೇಳಿತು.

ಇನ್ನು ಉಳಿದದ್ದು ಮುಖ್ಯವಾದದ್ದು, ನನ್ನನ್ನು ಕರೆಯುವ ಬಟನ್. ಅದೊಂದಾದರೆ ಇವರು ತಾವಾಗಿ ಏಳುವುದಿಲ್ಲ, ನಾನು ಅಡುಗೆಮನೆಯಲ್ಲಿ ನಿಶ್ಚಿಂತೆಯಾಗಿ ನಿಲ್ಲಬಹುದು. ಒತ್ತಿದರೆ ಟ್ಯಾಬಿನಲ್ಲೂ ನನ್ನ ಫೋನಿನಲ್ಲೂ ಕೇಳಬೇಕು ಅಂದೆ. ಯಾವ ಹೆಸರಿನಿಂದ ಕರೆಯಬೇಕು ಅಂತ ಕೇಳಿತು. ನಾನು ನನ್ನ ಹೆಸರು ಬರೆದೆ. ಪೂರ್ತಿ ಹೆಸರು, ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಅಟೆಂಡೆನ್ಸ್ ಕೂಗುವಾಗ ಒಂದಕ್ಷರವನ್ನೂ ನುಂಗದೆ ಅನ್ನುತ್ತಿದ್ದರಲ್ಲ, ಹಾಗೆ.

ನಾದಿನಿ ಮೈಕಿನ ಮುಂದೆ ಕುಳಿತು ಅನುಮಾನಿಸಿದಳು. “ನಿಮ್ಮ ಹೆಸರು ಹಿಡ್ದು ಕರೀಬೇಕಾ ಅತ್ತಿಗೆ?”

“ಕರಿ. ನೀನಲ್ಲ, ಅವರು ಕರೆಯೋದು.”

“ಅದೇ ಮತ್ತೆ,” ಅಂದಳು. ಆದರೂ ಕರೆದಳು.

ಇವರು ಆ ಬಟನ್ ಒತ್ತಲಿಲ್ಲ. ನೀರು ಒತ್ತುತ್ತಿದ್ದರು. ಲೋಟ ತಂದರೆ ಬೇಡ ಅಂತ ತಲೆಯಾಡಿಸುವರು, ಬೇಕಾದದ್ದು ಬೇರೆ ಏನೋ. ಮಿಕ್ಸಿ ಓಡುವಾಗ ಆ ನೀರಿನ ಕೂಗು ನನಗೆ ಕೇಳುತ್ತಲೂ ಇರಲಿಲ್ಲ; ಫೋನಿಗೆ ಬರುತ್ತಿದ್ದದ್ದು ಕರೆಯುವ ಬಟನ್ ಒಂದೇ. ಒಂದು ಮಧ್ಯಾಹ್ನ ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತೆ. ಇವರ ಒಂದು ಕಾಲು ಆಗಲೇ ಮಂಚದಿಂದ ಕೆಳಗಿತ್ತು. ತೊಡೆಯ ಮೇಲೆ ಟ್ಯಾಬ್. ಬೆರಳು ನನ್ನ ಹೆಸರಿನ ಮೇಲೆ ನಡುಗುತ್ತಾ ನಿಂತಿತ್ತು. ಆಮೇಲೆ ಕೈ ಹಿಂದಕ್ಕೆ ಬಂತು. ಟ್ಯಾಬ್ ಪಕ್ಕಕ್ಕಿಟ್ಟು ಎರಡನೇ ಕಾಲನ್ನೂ ಎಳೆಯತೊಡಗಿದರು. ಓಡಿಹೋಗಿ ಹಿಡಿದೆ.

“ಒತ್ತೋಕೇನ್ರೀ ಕಷ್ಟ ನಿಮಗೆ? ಮತ್ತೆ ಬಿದ್ದರೆ ಎತ್ತೋಕೆ ನನ್ನ ಕೈಲಿ ಆಗುತ್ತಾ?”

“ತ್ತ,” ಅಂದರು. ಅಷ್ಟೇ.

ಲ್ಯಾಪ್‌ಟಾಪ್ ತೆರೆದು ಕಂಡದ್ದನ್ನು ಬರೆದೆ. ಬಟನ್ ಕೆಲಸ ಮಾಡುತ್ತದೆ. ಬೇರೆಯವನ್ನೆಲ್ಲ ಒತ್ತುತ್ತಾರೆ. ಇದರ ಮೇಲೆ ಬೆರಳಿಟ್ಟು ತೆಗೆಯುತ್ತಾರೆ, ಬೀಳುವುದಾದರೂ ಸರಿ, ಒತ್ತುವುದಿಲ್ಲ. ದೊಡ್ಡದು ಮಾಡಿ ಕೆಂಪು ಬಣ್ಣ ಹಾಕುತ್ತೇನೆ ಅಂದೀತು ಅಂತ ಕಾದೆ. ಬಣ್ಣ ಬದಲಿಸಬಹುದು, ಆದರೆ ಮೊದಲು ಒಂದು ಪ್ರಶ್ನೆ ಅಂತು. ಕಾಯಿಲೆಗೆ ಮುಂಚೆ ಅವರು ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ನಾನು ಎದ್ದು ಹೋಗಿ ಹಾಲು ಕಾಯಿಸಿದೆ. ಕಾಯಿಸಬೇಕಾದ ಹಾಲೇನೂ ಆಗಿರಲಿಲ್ಲ.

ಇವರು ನನ್ನ ಹೆಸರು ಹಿಡಿದು ಯಾವತ್ತೂ ಕರೆದವರಲ್ಲ. ಮಂಡಿಯಿಂದ ಬಂದು ಚಪ್ಪಲಿ ಬಿಡುತ್ತಾ ನಡುಮನೆಯ ಬಾಗಿಲಿನ ಕಡೆಗೆ ಒಂದು ಕೂಗು ಹಾಕುವರು: “ಒಳಗ್ಯಾರೈದೀರಿ?” ಅತ್ತೆ ಇದ್ದಾಗಲೂ ಅದೇ, ಅತ್ತೆ ಹೋಗಿ ಇಬ್ಬರೇ ಉಳಿದ ಮೇಲೂ ಅದೇ. ನಾನಲ್ಲದೆ ಇನ್ಯಾರು ಇರುತ್ತಾರೆ ಒಳಗೆ? ಹೊಸದರಲ್ಲಿ ನನಗೆ ಬಹಳ ಅವಮಾನವಾಗುತ್ತಿತ್ತು. ಒಲೆಯ ಮುಂದೆ ನಿಂತು ಮೆಲ್ಲಗೆ ‘ನೋಬಡಿ’ ಅನ್ನುತ್ತಿದ್ದೆ, ಇಂಗ್ಲಿಷಿನಲ್ಲಿ. ಆಮೇಲೆ ಹೊರಗೆ ಬರುತ್ತಿದ್ದೆ. ನಾನೇನು ಇವರ ಹೆಸರು ಹೇಳಿದವಳೇ? ‘ರೀ’ ಅನ್ನುವುದರಲ್ಲೇ ಆಯುಷ್ಯ ಕಳೆಯಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೆ, ಅಷ್ಟು ಇಂಗ್ಲಿಷ್ ಓದಿದವಳು.

ಆ ಹೆಸರಿನ ಬಟನ್ ಬೇಕಾಗಿದ್ದದ್ದು ನನಗೆ. ತಮ್ಮ ಬಾಯಿಗೆ ಯಾವತ್ತೂ ಬಾರದ ಮಾತನ್ನು ಇವರು ಬೆರಳಿನಿಂದ ಆಡಬೇಕಾಗಿತ್ತು, ಅದೂ ತಂಗಿಯ ಎದುರಿಗೆ.

ಉತ್ತರ ಬರೆದೆ. ಹೆಸರಿನ ಬಟನ್ ತೆಗೆದುಹಾಕಲೇ, ಅದರ ರೆಕಾರ್ಡಿಂಗ್ ಕೂಡ ಡಿಲೀಟ್ ಮಾಡಲೇ ಅಂತ ಕೇಳಿತು. ಎಸ್ ಅಂತ ಟೈಪ್ ಮಾಡಿದೆ. ಹೊಸ ಬಟನ್ನಿಗೆ ಹೆಂಗಸಿನ ಚಿತ್ರ ಬೇಡ ಅಂದು, ನಡುಮನೆಯ ಬಾಗಿಲಿನದೇ ಒಂದು ಫೋಟೋ ತೆಗೆದು ಕೊಟ್ಟೆ.

ಏನು ಹೇಳಬೇಕು ಅಂತ ತಿಳಿಸಿದ್ದೇ ತಡ, ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. “ಇದು ಕುಂತ್ಕಂಡು ಹೇಳೋ ಮಾತಲ್ಲ ಅತ್ತಿಗೆ,” ಅಂದು, ಅಣ್ಣನ ಹಾಗೆ ಗದ್ದ ಮೇಲಕ್ಕೆತ್ತಿ, ಗಂಟಲು ದಪ್ಪ ಮಾಡಿ ಕೂಗಿದಳು. ಪಕ್ಕದ ಕೋಣೆಯಿಂದ ‘ತ್ತ! ತ್ತ!’ ಅಂತ ಜೋರಾಗಿ ಬಂತು.

“ಕೇಳಿದ್ರಾ? ನನ್ನ ಗಂಟ್ಲು ಯಾಕಲೇ ಕದ್ದೆ ಅಂತಾನೆ.”

ಮರುದಿನ ಬೆಳಿಗ್ಗೆ ಅವಳು ಸಂತೆಗೆ ಹೋಗಿದ್ದಳು. ಟ್ಯಾಬನ್ನು ಇವರ ಎಡಗೈ ಹತ್ತಿರ ಇಟ್ಟು, ಬಟ್ಟೆಯ ಬಕೆಟ್ ಎತ್ತಿಕೊಂಡು ತಾರಸಿಗೆ ಹೋದೆ. ಇವರು ಹಾಸಿಗೆ ಹಿಡಿದಾಗಿನಿಂದ ನಾನು ಮೇಲೆ ಹೋಗಿರಲೇ ಇಲ್ಲ. ಬಟ್ಟೆಯೆಲ್ಲ ಬಚ್ಚಲಲ್ಲೇ ಮುಗ್ಗಲು ವಾಸನೆ ಹಿಡಿದು ಒಣಗುತ್ತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಹೈವೇ ಮೇಲೆ ಬಸ್ಸುಗಳು ಹೋಗುತ್ತಿದ್ದವು. ನನ್ನ ಕಿವಿ ಮಾತ್ರ ಕೆಳಗಿತ್ತು. ಒತ್ತದಿದ್ದರೆ? ಈಗಲೂ ಕಾಲು ಕೆಳಗಿಟ್ಟಿದ್ದರೆ? ಇವರ ಪಂಚೆ ಒದರಿ ತಂತಿಗೆ ಹಾಕುವಾಗ ಸೊಂಟದಲ್ಲಿದ್ದ ಫೋನು ಕೂಗಿತು.

“ಒಳಗ್ಯಾರೈದೀರಿ?”

“ನಾನು. ಬಂದೆ,” ಅಂದೆ. ಅಷ್ಟು ದೂರಕ್ಕೆ ಅದು ಕೇಳಿಸುವುದಿಲ್ಲ, ಗೊತ್ತು.

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಕಾಲೆರಡೂ ಮಂಚದ ಮೇಲೇ ಇದ್ದವು. ಹೊದ್ದಿಕೆ ಜಾರಿ ನೆಲಕ್ಕೆ ಬಿದ್ದಿತ್ತು. ತಾವು ಬಗ್ಗದೆ ಕಾದಿದ್ದರು. ಎತ್ತಿ ಹೊದಿಸಿದೆ. ಇನ್ನೇನಾದರೂ ಬೇಕಾ ಅಂದೆ. “ಸಾಕು” ಒತ್ತಿದರು. ಮೇಲೆ ಬಕೆಟ್ಟಿನಲ್ಲಿ ಬಟ್ಟೆ ಹಾಗೇ ಇತ್ತು. ಮೊಣಕಾಲು ನೀವಿಕೊಂಡು ಮತ್ತೆ ಹೊರಟೆ. ಅರ್ಧ ಮೆಟ್ಟಿಲು ಹತ್ತಿರಲಿಲ್ಲ, ಪುನಃ ಕರೆದರು.